ಹಳೆಯ ಕಚೇರಿಯ ಮಾತನ್ನು ನಿಮ್ಮ ಮನೆಗೆ ತರುತ್ತಿರುವವರು ಯಾರು?

ಪ್ರಶ್ನೆ:

ಮೇಡಂ, ನನಗೆ 39 ವರ್ಷ. ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ 11 ವರ್ಷ ದುಡಿದೆ. ಎಂಟು ತಿಂಗಳ ಹಿಂದೆ ಅದನ್ನು ಬಿಟ್ಟು, ಅದೇ ವ್ಯವಹಾರ ನಡೆಸುವ ಇನ್ನೊಂದು ಕಂಪನಿಗೆ ಮೇಲಿನ ಹುದ್ದೆಗೆ ಸೇರಿದೆ. ಬಿಡುವ ದಿನ ಎಲ್ಲರೂ ಕೈಕುಲುಕಿ, ಜೊತೆಗೆ ನಿಂತು ಫೋಟೊ ತೆಗೆಸಿಕೊಂಡು ಕಳುಹಿಸಿಕೊಟ್ಟರು. ಎರಡೇ ವಾರಕ್ಕೆ ವಾಟ್ಸ್‌ಆ್ಯಪ್ ಗುಂಪಿನಿಂದ ನನ್ನನ್ನು ತೆಗೆದುಹಾಕಿದರು. ಆಮೇಲೆ ಒಂದೊಂದೇ ಮಾತು ಕಿವಿಗೆ ಬೀಳತೊಡಗಿತು. ಮೇಲಧಿಕಾರಿಯನ್ನು ಓಲೈಸಿ ಶಿಫಾರಸು ಗಿಟ್ಟಿಸಿಕೊಂಡಳಂತೆ, ಹೋಗುವಾಗ ಗ್ರಾಹಕರ ಪಟ್ಟಿಯನ್ನು ಹೊತ್ತುಕೊಂಡು ಹೋದಳಂತೆ, ಈಗ ಅವಳಿಗೆ ನಾವು ಕಣ್ಣಿಗೇ ಕಾಣುವುದಿಲ್ಲವಂತೆ. ಕೊನೆಯ ದಿನ ನಾನು ತಂದದ್ದು ನೀರಿನ ಬಾಟಲಿ, ಮಗಳ ಫೋಟೊ ಮತ್ತು ಒಂದು ನೀಲಿ ರಟ್ಟಿನ ಡೈರಿ, ಅಷ್ಟೇ.

ಇದೆಲ್ಲ ನನಗೆ ಗೊತ್ತಾಗುವುದು ಅಲ್ಲಿ ಇನ್ನೂ ಕೆಲಸದಲ್ಲಿರುವ ನನ್ನ ಆಪ್ತ ಗೆಳತಿಯಿಂದ. ವಾರಕ್ಕೆ ಎರಡು ಮೂರು ಸಲ, ಸಾಮಾನ್ಯವಾಗಿ ರಾತ್ರಿ ಒಂಬತ್ತರ ಮೇಲೆ, ಕರೆ ಮಾಡುತ್ತಾಳೆ. ಅವಳ ಕರೆ ಬಂದ ರಾತ್ರಿ ನನಗೆ ನಿದ್ದೆ ಇಲ್ಲ. ಹಳೆಯವರ ಫೋಟೊಗಳನ್ನು ತೆರೆದು ನೋಡುತ್ತಾ ಕೂರುತ್ತೇನೆ. ಹೊಸ ಕಚೇರಿಯಲ್ಲಿ ಊಟಕ್ಕೆ ಕೂತಾಗಲೂ ಅವರ ಕತೆಯನ್ನೇ ಹೇಳಿ ಹಗುರಾಗುತ್ತೇನೆ. ಅಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಮುಂದಿನ ತಿಂಗಳು ನಿವೃತ್ತರಾಗುತ್ತಿದ್ದಾರೆ, ಬೀಳ್ಕೊಡುಗೆಗೆ ಕರೆದಿದ್ದಾರೆ. ಹೋಗಲೋ ಬೇಡವೋ ತಿಳಿಯದು. ಎಲ್ಲರಿಗೂ ಒಂದು ಸ್ಪಷ್ಟೀಕರಣ ಕಳುಹಿಸಬೇಕೆಂದು ಬರೆದಿಟ್ಟಿದ್ದೇನೆ. ನಿಮಗೂ ಲಗತ್ತಿಸಿದ್ದೇನೆ. ಕಳುಹಿಸಲೇ?

ಉತ್ತರ:

ಮೊದಲು ಆ ಸಂದೇಶದ ವಿಚಾರ. ನೀವು ಇದನ್ನು ಓದುವ ಹೊತ್ತಿಗೆ ಕಳುಹಿಸಿಯೇ ಬಿಟ್ಟಿರುತ್ತೀರೇನೋ ಎಂಬ ಆತಂಕ ನನಗಿದೆ. ಕಳುಹಿಸಬೇಡಿ.

ಅದನ್ನು ನಾಲ್ಕು ಸಲ ಓದಿದೆ. 42 ಸಾಲುಗಳಿವೆ. ಮೊದಲ ಆರು ಸಾಲು ಸೌಜನ್ಯದವು, ನಿಜಕ್ಕೂ ಚೆನ್ನಾಗಿವೆ. ಹದಿನೆಂಟನೆಯ ಸಾಲಿನ ಹತ್ತಿರ "ಯಾರು ಎಲ್ಲಿ ಕೂತು ಏನು ಮಾತಾಡುತ್ತಿದ್ದಾರೆ ಎಂಬುದು ನನಗೆ ಗೊತ್ತು" ಎಂದು ಬರುತ್ತದೆ. ಅಲ್ಲಿಗೆ ನಿಮ್ಮ ಗೆಳತಿ ಸಿಕ್ಕಿಬಿದ್ದಂತೆ. ಮೂವತ್ತು ದಾಟಿದ ಮೇಲೆ, "ನನ್ನತ್ತ ಬೆರಳು ತೋರಿಸುವವರು ಮೊದಲು ತಮ್ಮ ಪ್ರಯಾಣಭತ್ಯೆಯ ಬಿಲ್ಲುಗಳನ್ನು ನೋಡಿಕೊಳ್ಳಲಿ" ಎಂಬ ಮಾತಿದೆ. ಬರೆಯುವಾಗ ನಿಮಗೆಷ್ಟು ಸಮಾಧಾನವಾಗಿರಬೇಕೆಂದು ಊಹಿಸಬಲ್ಲೆ. ಆದರೆ ಇಡೀ ಪತ್ರದಲ್ಲಿ ಜನ ನೆನಪಿಟ್ಟುಕೊಳ್ಳುವುದು ಇದೊಂದೇ ಸಾಲನ್ನು. ಕಟ್ಟಕಡೆಗೆ "ಎಲ್ಲರಿಗೂ ಒಳ್ಳೆಯದಾಗಲಿ" ಎಂದಿದ್ದೀರಿ. ಆ ಹಾರೈಕೆಯನ್ನು ಯಾರೂ ನಂಬುವುದಿಲ್ಲ, ನೀವೂ ಸೇರಿದಂತೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಸಾರ್ವಜನಿಕ ಸ್ಪಷ್ಟೀಕರಣದ ಕಷ್ಟವೆಲ್ಲ ಆ ಒಂದು ಗಾದೆಯಲ್ಲಿದೆ. ನಿಮ್ಮ ಬಗ್ಗೆ ಆಡಿಕೊಳ್ಳುತ್ತಿರುವವರು ನಾಲ್ಕೈದು ಮಂದಿ ಇರಬಹುದು. ಇನ್ನೊಂದಷ್ಟು ಜನ ಅರ್ಧಂಬರ್ಧ ಕೇಳಿಸಿಕೊಂಡು ಮರೆತಿದ್ದಾರೆ. ಉಳಿದವರಿಗೆ ಆ ಪಟ್ಟಿಯ ಕತೆಯೇ ಗೊತ್ತಿಲ್ಲ. ನಿಮ್ಮ ಸಂದೇಶ ಇವರೆಲ್ಲರಿಗೂ ಒಟ್ಟಿಗೇ ತಿಳಿಸುವುದು ಏನನ್ನು? 'ಗ್ರಾಹಕರ ಪಟ್ಟಿ ಕದ್ದ ಆರೋಪವೊಂದಿದೆ' ಎಂಬುದನ್ನು. 1977ರಲ್ಲಿ ಮನಶ್ಶಾಸ್ತ್ರಜ್ಞೆ ಲಿನ್ ಹ್ಯಾಶರ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳಿಗೆ ಎರಡೆರಡು ವಾರಗಳ ಅಂತರದಲ್ಲಿ ಮೂರು ಸಲ ಹೇಳಿಕೆಗಳ ಪಟ್ಟಿ ಕೊಟ್ಟು ಯಾವುದು ನಿಜವೆನಿಸುತ್ತದೆ ಎಂದು ಕೇಳಿದರು. ಮತ್ತೆ ಮತ್ತೆ ಕಿವಿಗೆ ಬಿದ್ದ ಹೇಳಿಕೆಗಳು, ನಿಜವಿರಲಿ ಸುಳ್ಳಿರಲಿ, ಹೆಚ್ಚು ನಂಬಲರ್ಹವಾಗಿ ತೋರಿದವು. ಅಲ್ಲಗಳೆಯುವುದಕ್ಕಾದರೂ ನೀವು ಆ ಮಾತನ್ನು ಇನ್ನೊಂದು ಸಲ ಹೇಳಲೇಬೇಕಲ್ಲ, ತೊಂದರೆ ಅಲ್ಲಿದೆ.

ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ನನ್ನದೂ ಒಂದು ಕತೆಯಿದೆ. ವರ್ಷಗಳ ಹಿಂದೆ ಒಂದು ಸಂಸ್ಥೆ ಬಿಟ್ಟು ಬಂದಾಗ, ಸಲಹೆಗಾಗಿ ನನ್ನ ಬಳಿ ಬರುತ್ತಿದ್ದವರನ್ನೆಲ್ಲ ಹೊಸ ಜಾಗಕ್ಕೆ ಎಳೆದುಕೊಂಡು ಹೋದೆ ಎಂದು ಹಳೆಯ ಸಹೋದ್ಯೋಗಿಗಳು ಆಡಿಕೊಂಡರು. ಪಾರದರ್ಶಕ ಪ್ಲಾಸ್ಟಿಕ್ ಫೈಲೊಂದರಲ್ಲಿ ಪತ್ರಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು ಅವರನ್ನು ಕಾಣಲು ಹೋದೆ. ಅವರು ಚಹಾ ತರಿಸಿದರು, ಕುಶಲ ಕೇಳಿದರು, ಫೈಲನ್ನು ಯಾರೂ ಮುಟ್ಟಲಿಲ್ಲ. ಮರುದಿನದಿಂದ ಹೊಸ ಕತೆ ಹುಟ್ಟಿತು: "ಪಾಪ, ತಲೆಗೆ ಹಚ್ಚಿಕೊಂಡಿದ್ದಾಳೆ, ಫೈಲು ಹಿಡಿದುಕೊಂಡು ಓಡಾಡುತ್ತಿದ್ದಾಳೆ." ಮನಸ್ಸಿನ ಶಾಸ್ತ್ರ ಓದಿಕೊಂಡವಳ ಗತಿಯೇ ಹೀಗಾಯಿತು. ಪುರಾವೆ ಬೇಕಾಗುವುದು ವಿಚಾರಣೆಗೆ. ಅಲ್ಲಿ ವಿಚಾರಣೆಯೇ ನಡೆಯುತ್ತಿರಲಿಲ್ಲ, ಹರಟೆ ನಡೆಯುತ್ತಿತ್ತು.

ಇನ್ನು ಅವರೇಕೆ ಹೀಗೆ ಆಡುತ್ತಾರೆ ಎಂಬುದಕ್ಕೆ ಬರೋಣ. "ಹೊಟ್ಟೆಕಿಚ್ಚು" ಎಂದು ಆ ಸಂದೇಶದಲ್ಲಿ ಮೂರು ಕಡೆ ಬರೆದಿದ್ದೀರಿ. ಇರಬಹುದು. ಆದರೆ ಆ ಪದವನ್ನು ಅಲ್ಲಿಗೇ ಬಿಟ್ಟರೆ ಅವರು ಕೆಟ್ಟವರು, ನಾವು ಒಳ್ಳೆಯವರು ಎಂಬಲ್ಲಿಗೆ ವಿಷಯ ಮುಗಿದುಹೋಗುತ್ತದೆ. ಹೊಟ್ಟೆಕಿಚ್ಚು ಯಾರ ಮೇಲೆ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ಗಮನಿಸಿ. ನಿಮ್ಮ ಕಂಪನಿಯ ಮಾಲೀಕರು ಕೋಟಿಗಟ್ಟಲೆ ಗಳಿಸಿದಾಗ ಆ ವಿಭಾಗದಲ್ಲಿ ಯಾರೂ ರಾತ್ರಿ ನಿದ್ದೆಗೆಟ್ಟಿರಲಾರರು. ಪಕ್ಕದ ಮೇಜಿನವಳು, ತಮ್ಮಷ್ಟೇ ಓದಿದವಳು, ತಮ್ಮ ಜೊತೆಗೇ ಸೇರಿದವಳು ಎರಡು ಮೆಟ್ಟಿಲು ಹತ್ತಿದಾಗ ಮಾತ್ರ ಎದೆಯಲ್ಲಿ ಏನೋ ಚುಚ್ಚುತ್ತದೆ. 1980ರಲ್ಲಿ ಏಬ್ರಹಾಂ ಟೆಸ್ಸರ್ ಮತ್ತು ಜೊನಾಥನ್ ಸ್ಮಿತ್ ಪದ ಊಹಿಸುವ ಆಟವೊಂದನ್ನು ಆಡಿಸಿ ಇದನ್ನು ಪರೀಕ್ಷಿಸಿದರು. ಆಟ ಬರೀ ಆಟವೆಂದಾಗ ಜನ ತಮ್ಮ ಗೆಳೆಯರಿಗೆ ಸುಲಭವಾದ ಸುಳಿವು ಕೊಟ್ಟು ಸಹಾಯ ಮಾಡಿದರು. ಇದು ನಿಮ್ಮ ಬುದ್ಧಿಶಕ್ತಿಯ ಪರೀಕ್ಷೆ ಎಂದು ಹೇಳಿದ ಕೂಡಲೇ ಚಿತ್ರ ತಿರುಗಿತು. ಗೆಳೆಯರಿಗೆ ಅಪರಿಚಿತರಿಗಿಂತಲೂ ಕಷ್ಟದ ಸುಳಿವು ಸಿಕ್ಕಿತು. ಅಪರಿಚಿತ ಗೆದ್ದರೆ ಗೆಲ್ಲಲಿ. ಗೆಳೆಯ ಗೆದ್ದರೆ ನಾನೆಲ್ಲಿ ನಿಂತಿದ್ದೇನೆ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಅಲ್ಲಿ ಉಳಿದವರ ಮುಂದೆ ನೀವು ಇಟ್ಟು ಬಂದದ್ದು ಇದೇ ಪ್ರಶ್ನೆಯನ್ನು. 'ಅವಳಿಗೆ ಸಾಧ್ಯವಾಯಿತು, ನನಗೇಕಾಗಲಿಲ್ಲ?' ಇದಕ್ಕೆ ಕೊಟ್ಟುಕೊಳ್ಳಬಹುದಾದ ಉತ್ತರಗಳು ಮೂರು. ಅವಳು ನನಗಿಂತ ಸಮರ್ಥಳು. ಅವಳು ಧೈರ್ಯ ಮಾಡಿದಳು, ನಾನು ಮಾಡಲಿಲ್ಲ. ಅಥವಾ, ಅವಳು ಅಡ್ಡದಾರಿ ಹಿಡಿದಳು. ಮೂರನೆಯದನ್ನು ನಂಬಿದರೆ ರಾತ್ರಿ ಸುಖವಾಗಿ ಮಲಗಬಹುದು. ಜನ ಇದನ್ನು ಲೆಕ್ಕ ಹಾಕಿ ಆರಿಸಿಕೊಳ್ಳುವುದಿಲ್ಲ. ತಾನಾಗಿಯೇ ಅತ್ತ ಜಾರುತ್ತಾರೆ. ಹೀಗಾಗಿ ಆ ಕತೆಯಲ್ಲಿ ನಿಮ್ಮ ಹೆಸರಿದ್ದರೂ ಅದು ತೀರಿಸುತ್ತಿರುವುದು ಅವರ ಲೆಕ್ಕವನ್ನು.

ಇನ್ನೊಂದು ಮಾತನ್ನು ಹೇಳದೇ ಹೋದರೆ ನಾನು ನಿಮಗೆ ಮೋಸ ಮಾಡಿದಂತಾಗುತ್ತದೆ. ಅವರ ಸಿಟ್ಟಿನಲ್ಲಿ ಒಂದು ಪಾಲು ನ್ಯಾಯವಾದದ್ದೂ ಇರಬಹುದು. 11 ವರ್ಷದ ಅನುಭವ ಇದ್ದವರು ಎದ್ದು ಹೋದರೆ ಆ ಕುರ್ಚಿ ಖಾಲಿಯಾಗುತ್ತದೆಯೇ ಹೊರತು ಅದರ ಕೆಲಸ ಖಾಲಿಯಾಗುವುದಿಲ್ಲ. ನೀವು ಬಿಟ್ಟದ್ದು ಲೆಕ್ಕಪತ್ರ ವಿಭಾಗವನ್ನು. ಬಿಟ್ಟ ತಿಂಗಳು ಯಾವುದು, ವರ್ಷಾಂತ್ಯದ ಲೆಕ್ಕ ಮುಗಿದಿತ್ತೇ, ಲೆಕ್ಕಪರಿಶೋಧಕರು ಬಂದು ಕೂತಾಗ ನೀವು ಮಾತ್ರ ಬಲ್ಲ ಹಾಳೆಗಳನ್ನು ಹುಡುಕುತ್ತ ಎಷ್ಟು ಜನ ರಾತ್ರಿ ಎಂಟರವರೆಗೆ ಕೂತಿದ್ದರು, ಇದು ನಿಮ್ಮ ಪತ್ರದಲ್ಲಿಲ್ಲ. ಬಿಡುವ ಮುನ್ನ ಕೆಲಸವನ್ನು ಒಪ್ಪಿಸಿ ಬಂದಿರಾ, ಅಥವಾ "ಎಲ್ಲ ಕಂಪ್ಯೂಟರಿನಲ್ಲಿದೆ" ಎಂದು ಬಂದಿರಾ? ಎರಡನೆಯದಾದರೆ ಕೆಲವರಿಗೆ ನಿಮ್ಮ ಮೇಲಿರುವುದು ಹೊಟ್ಟೆಕಿಚ್ಚಲ್ಲ, ದಣಿವು. ಮೇಲಾಗಿ, ಎದ್ದು ಹೋದವರು ಪ್ರತಿ ಕಚೇರಿಗೂ ಬಲು ಅನುಕೂಲದ ಜನ. ಹೋದ ತಿಂಗಳ ತಪ್ಪಿಗೂ ಕಳೆದ ವರ್ಷದ ತಪ್ಪಿಗೂ ಅವರ ಹೆಸರನ್ನೇ ಬರೆಯಬಹುದು. ಅವರಂತೂ ಬಂದು ಇಲ್ಲವೆನ್ನುವುದಿಲ್ಲ. ನೀವಿದ್ದಾಗಲೂ ಹಿಂದೆ ಬಿಟ್ಟುಹೋದ ಯಾರದೋ ತಲೆಗೆ ಇಂಥವನ್ನು ಕಟ್ಟಿದ್ದು ನೆನಪಾಗುತ್ತದೆಯೇ? ನನಗಂತೂ ನನ್ನದು ನೆನಪಾಗುತ್ತದೆ, ನಾಚಿಕೆಯೂ ಆಗುತ್ತದೆ.

ಈಗ ಆ ನೀಲಿ ಡೈರಿ. ಇದೊಂದು ಸಣ್ಣ ವಿಷಯವೆಂಬಂತೆ ಪತ್ರದಲ್ಲಿ ಬಂದು ಹೋಗಿದೆ. ನನಗೆ ಇಡೀ ಕತೆಯ ಬೇರು ಇಲ್ಲೇ ಇರುವಂತೆ ಕಾಣುತ್ತದೆ. ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ 1947ರಲ್ಲಿ ಗಾಳಿಮಾತಿನ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ಒಬ್ಬರಿಗೆ ಒಂದು ಚಿತ್ರ ತೋರಿಸಿ, ಅದರ ವಿವರವನ್ನು ಒಬ್ಬರಿಂದೊಬ್ಬರಿಗೆ ಬಾಯಿಂದ ಬಾಯಿಗೆ ದಾಟಿಸುತ್ತ ಹೋದರು. ಐದಾರು ಬಾಯಿ ದಾಟುವಷ್ಟರಲ್ಲಿ ಸುಮಾರು 70 ಶೇಕಡಾ ವಿವರಗಳು ಉದುರಿಹೋಗಿದ್ದವು. ಉಳಿದವು ಮೊನಚಾಗಿದ್ದವು. ಜೊತೆಗೆ, ಹೇಳುವವರ ಮನಸ್ಸಿನಲ್ಲಿ ಮೊದಲೇ ಏನಿತ್ತೋ ಅದರ ಆಕಾರಕ್ಕೆ ಬಾಗಿದ್ದವು. ಅದನ್ನೇ ನಿಮ್ಮ ಮೇಜಿನ ಮೇಲಿಟ್ಟು ನೋಡಿ. ನೀರಿನ ಬಾಟಲಿ ಉದುರಿತು, ಮಗಳ ಫೋಟೊ ಉದುರಿತು. "ಡೈರಿ ತೆಗೆದುಕೊಂಡು ಹೋದಳು" ಎಂಬುದು ಉಳಿಯಿತು. ಮೂರನೆಯವರ ಬಾಯಲ್ಲಿ "ಅದರಲ್ಲಿ ಎಲ್ಲವನ್ನೂ ಬರೆದುಕೊಂಡಿದ್ದಳು" ಎಂದಾಯಿತು. ನೀವು ಸೇರಿದ್ದು ಪ್ರತಿಸ್ಪರ್ಧಿ ಕಂಪನಿಗೆ ಎಂದು ಗೊತ್ತಾದ ದಿನ ಅದು ಗ್ರಾಹಕರ ಪಟ್ಟಿಯಾಯಿತು. ಇದು ನನ್ನ ಊಹೆ ಮಾತ್ರ. ಹೀಗೇ ನಡೆದಿದ್ದರೆ ಯಾರೋ ಒಬ್ಬರು ಕೂತು ನಿಮ್ಮ ವಿರುದ್ಧ ಸುಳ್ಳು ಹೆಣೆದರೆಂದು ಭಾವಿಸಬೇಕಾಗಿಲ್ಲ. ಕಡ್ಡಿ ಗುಡ್ಡವಾಗುವುದಕ್ಕೆ ಖಳನಾಯಕ ಬೇಕಿಲ್ಲ, ಐದಾರು ಬಾಯಿ ಸಾಕು.

ಆ ಡೈರಿಯನ್ನು ಇವತ್ತೇ ತೆರೆದು ನೋಡಿ. ಮನೆಯ ಖರ್ಚು, ಮಗಳ ಶಾಲೆಯ ದಿನಾಂಕ ಇಷ್ಟೇ ಇದ್ದರೆ ಒಳಗಿಡಿ. ಕಚೇರಿಗೆ ಸಂಬಂಧಿಸಿದ ಒಂದೇ ಒಂದು ಸಂಖ್ಯೆ, ಒಬ್ಬರೇ ಗ್ರಾಹಕರ ವಿವರ ಅದರಲ್ಲಿದ್ದರೂ ಹೊಸ ಕಚೇರಿಯ ಯಾವ ಕೆಲಸಕ್ಕೂ ಅದನ್ನು ತೆರೆಯಬೇಡಿ, ಹರಿದು ಎಸೆಯಲೂ ಬೇಡಿ. ಹೇಗೆ ಹಿಂದಿರುಗಿಸಬೇಕೆಂದು ಬಲ್ಲವರನ್ನು ಕೇಳಿ ನಡೆದುಕೊಳ್ಳಿ.

ಇನ್ನು ನಿಮ್ಮ ಗೆಳತಿ. ನಿಮ್ಮ ಪತ್ರದಲ್ಲಿ ಅವರ ಬಗ್ಗೆ ಒಂದೇ ಒಂದು ದೂರಿಲ್ಲ. ಅದಕ್ಕೇ ನಾನು ಇಲ್ಲಿ ನಿಧಾನಿಸುತ್ತಿದ್ದೇನೆ.

ಎಂಟು ತಿಂಗಳು. ವಾರಕ್ಕೆ ಎರಡು ಕರೆ ಎಂದರೂ ಸುಮಾರು 70 ಕರೆಗಳಾದವು. ನಿಮ್ಮ ಹಳೆಯ ಸಹೋದ್ಯೋಗಿಗಳಲ್ಲಿ ಒಬ್ಬರೂ ಈ ಎಂಟು ತಿಂಗಳಲ್ಲಿ ನಿಮಗೆ ನೇರವಾಗಿ ಏನನ್ನೂ ಅಂದಿಲ್ಲ. ಗುಂಪಿನಿಂದ ತೆಗೆದದ್ದು ಬಿಟ್ಟರೆ, ಆ ಕಚೇರಿಯಿಂದ ನಿಮಗೆ ಬಂದ ಪ್ರತಿಯೊಂದು ಗಾಯವೂ ಒಂದೇ ಫೋನಿನ ಮೂಲಕ ಬಂದಿದೆ. ಅವರು ಅಲ್ಲಿ ಆಡಿದ ಮಾತು ಅಲ್ಲೇ ಗೋಡೆಗೆ ಬಡಿದು ಬೀಳುತ್ತಿತ್ತು. ಅದನ್ನು ಎತ್ತಿಕೊಂಡು, ಧೂಳು ಒರೆಸಿ, ನಿಮ್ಮ ಮನೆಬಾಗಿಲಿಗೆ ತಲುಪಿಸುತ್ತಿರುವವರು ಇವರು. ಸಾಮಾನ್ಯವಾಗಿ ರಾತ್ರಿ ಒಂಬತ್ತರ ಮೇಲೆ ಎಂದೂ ಬರೆದಿದ್ದೀರಿ.

ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಬಹಳ ಸಲ ಇಂಥವರು ಮನಸಾರೆ ಪ್ರೀತಿಸುವವರೇ ಆಗಿರುತ್ತಾರೆ. ಆದರೆ ಅವರ ಸ್ಥಿತಿಯನ್ನು ನೋಡಿ. ನೀವು ಹೋದಿರಿ, ಅವರು ಉಳಿದರು. ನಿಮ್ಮಿಬ್ಬರ ನಡುವೆ ಮೊದಲು ಮಾತಾಡಲು ನೂರು ವಿಷಯಗಳಿದ್ದವು. ಈಗ ಸಮಾನವಾಗಿ ಉಳಿದಿರುವುದು ಆ ಕಚೇರಿ ಮಾತ್ರ. ನಿಮ್ಮ ಬದುಕಿನಲ್ಲಿ ತಮ್ಮ ಜಾಗ ಕಳೆದುಹೋಗಬಾರದೆಂದು ಅವರಿಗಿದ್ದರೆ, ಕೈಯಲ್ಲಿ ಏನಾದರೂ ಹಿಡಿದುಕೊಂಡೇ ಬರಬೇಕು. ಏನು ತಂದರೆ ನೀವು ಫೋನು ಇಡುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಬೇಸರಪಟ್ಟುಕೊಳ್ಳದಿದ್ದರೆ ಒಂದು ಮಾತು ಕೇಳುತ್ತೇನೆ. ಅವರು ಅರ್ಧ ಹೇಳಿ ನಿಲ್ಲಿಸಿದಾಗ "ಆಮೇಲೆ? ಮತ್ತೇನಂದರು?" ಎಂದು ಕೇಳುವವರು ಯಾರು?

ಇನ್ನೊಂದು ಸಾಧ್ಯತೆಯೂ ಇದೆ. ಬೇಕಾದರೆ ತಳ್ಳಿಹಾಕಿ. ಆ ಗುಂಪಿನಲ್ಲಿ ನಿಮ್ಮ ಮಾತು ಬಂದಾಗ ಇವರೇನು ಮಾಡುತ್ತಾರೆ? ಎದ್ದು ಹೋಗುತ್ತಾರೆಯೇ, ತಡೆಯುತ್ತಾರೆಯೇ, ಅಥವಾ ಪೂರ್ತಿ ಕೇಳಿಸಿಕೊಂಡು ತಲೆಯಾಡಿಸುತ್ತಾರೆಯೇ? ಇಷ್ಟೊಂದು ಕರಾರುವಾಕ್ಕಾದ ವರದಿ ಬರಬೇಕಾದರೆ ಅವರು ಅಲ್ಲಿ ಕೊನೆಯವರೆಗೂ ಕೂತಿರಲೇಬೇಕು. ನೀವು ಫೋನಿನಲ್ಲಿ ಸಿಟ್ಟಿನಿಂದ ಅಂದ ಮಾತುಗಳಲ್ಲಿ ಯಾವುದೂ ಮರುದಿನ ಅಲ್ಲಿಗೆ ತಲುಪಿಲ್ಲವೆಂದು ಹೇಗೆ ನಂಬುವುದು? ಹೊತ್ತು ತರುವವರು ಬರಿಗೈಯಲ್ಲಿ ಹಿಂದಿರುಗುವುದು ಅಪರೂಪ.

ಹಾಗೆಂದು ಅವರನ್ನು ಕಳೆದುಕೊಳ್ಳಬೇಕಾಗಿಲ್ಲ. ಮುಂದಿನ ಸಲ ಕರೆ ಬಂದು, "ಇವತ್ತು ಏನಾಯಿತು ಗೊತ್ತಾ" ಎಂದು ಶುರುವಾದ ಕೂಡಲೇ, ಕತೆಗೆ ಮೊದಲೇ ಹೇಳಿ: "ನನ್ನ ಬಗ್ಗೆ ಯಾರು ಏನಂದರೂ ಇನ್ನು ಮೇಲೆ ನನಗೆ ಹೇಳಬೇಡ. ಕೇಳಿದರೆ ನಿದ್ದೆ ಹೋಗುತ್ತದೆ. ನನ್ನ ಕೆಲಸಕ್ಕೆ ಕುತ್ತು ತರುವಂಥದ್ದಿದ್ದರೆ ಮಾತ್ರ ಹೇಳು. ಈಗ ನಿನ್ನ ಸಮಾಚಾರ ಹೇಳು." ಇದನ್ನು ಅಳುತ್ತ ಹೇಳಬೇಡಿ, ಆರೋಪದ ದನಿಯಲ್ಲೂ ಬೇಡ. ಹೊಸ ವಿಳಾಸ ತಿಳಿಸುವಷ್ಟು ಸಾದಾ ದನಿ ಸಾಕು. ಒಂದೆರಡು ಸಲ ಅವರು ಮರೆಯುತ್ತಾರೆ. "ಅಲ್ಲ, ಇದೊಂದನ್ನು ಕೇಳು, ನಿನ್ನ ಒಳ್ಳೆಯದಕ್ಕೇ" ಎನ್ನುತ್ತಾರೆ. ಮತ್ತೆ ಅದೇ ವಾಕ್ಯ. ಮೂರನೆಯ ಸಲಕ್ಕೆ ನಿಮ್ಮಿಬ್ಬರ ನಡುವೆ ಸ್ನೇಹ ಉಳಿದಿದೆಯೋ, ಸುದ್ದಿ ಮಾತ್ರ ಉಳಿದಿತ್ತೋ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಕರೆಗಳು ಕಡಿಮೆಯಾದರೆ ಸ್ವಲ್ಪ ದುಃಖವಾಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ನನ್ನ ಅನುಭವದಲ್ಲಿ ಕರೆಗಳು ನಿಂತುಹೋಗುವುದಕ್ಕಿಂತ ಬದಲಾಗುವುದೇ ಹೆಚ್ಚು.

ಕುತ್ತು ತರುವಂಥದ್ದು ಎಂದೆನಲ್ಲ, ಆ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದೂ ಸ್ಪಷ್ಟವಾಗಿರಲಿ. "ಅಹಂಕಾರಿ", "ಓಲೈಸಿದಳು", "ಮರೆತುಬಿಟ್ಟಳು", ಇವೆಲ್ಲ ಅಭಿಪ್ರಾಯಗಳು. ಇವಕ್ಕೆ ಉತ್ತರವಿಲ್ಲ, ಉತ್ತರ ಬೇಕಾಗಿಯೂ ಇಲ್ಲ. "ಪಟ್ಟಿ ಕದ್ದಳು" ಎಂಬುದು ಬೇರೆ ಜಾತಿಯ ಮಾತು. ಅದು ಕೃತ್ಯದ ಆರೋಪ. ಚಹಾದ ಮೇಜಿನ ಸುತ್ತ ಇರುವ ತನಕ ಅದನ್ನೂ ಬಿಟ್ಟುಬಿಡಬಹುದು. ಗ್ರಾಹಕರೊಬ್ಬರ ಮುಂದೆಯೋ ನಿಮ್ಮ ಹೊಸ ಕಂಪನಿಯವರ ಕಿವಿಗೋ ಅದು ತಲುಪಿದೆ ಎಂದು ಖಚಿತವಾದ ದಿನ ಸುಮ್ಮನಿರಬೇಡಿ. ಆಗಲೂ ಇಪ್ಪತ್ತು ಮೂವತ್ತು ಜನರಿಗೆ ಸಂದೇಶ ಬೇಡ. ಹಳೆಯ ಕಂಪನಿಯ ಮಾನವ ಸಂಪನ್ಮೂಲ ವಿಭಾಗಕ್ಕೆ ಒಂದು ಪತ್ರ, ಐದಾರು ಸಾಲು: ಇಂಥ ದಿನ ಕೆಲಸ ಒಪ್ಪಿಸಿದ್ದೇನೆ, ಇಂಥ ದಿನ ಬಿಡುಗಡೆ ಪತ್ರ ಪಡೆದಿದ್ದೇನೆ, ಈ ರೀತಿಯ ಮಾತು ಹೊರಗೆ ಕೇಳಿಬರುತ್ತಿದೆ, ಇದು ಸುಳ್ಳು, ದಯವಿಟ್ಟು ಗಮನಿಸಿ. ಯಾರ ಹೆಸರೂ ಬೇಡ, ಪ್ರಯಾಣಭತ್ಯೆಯಂತೂ ಬೇಡವೇ ಬೇಡ. ಹೊಸ ಕಚೇರಿಯ ಮೇಲಧಿಕಾರಿಗೆ ಅದೇ ವಿಷಯವನ್ನು ಎರಡು ನಿಮಿಷದಲ್ಲಿ, ಬೇರೆಯವರಿಂದ ಕೇಳುವ ಮುನ್ನ ನೀವೇ ಹೇಳಿ. ಮಾನನಷ್ಟದ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅಷ್ಟು ದೂರ ಹೋಗುವಂತಾದರೆ ವಕೀಲರನ್ನು ಕಾಣಿ, ನನ್ನಂಥವರನ್ನಲ್ಲ. ಬಿಡುಗಡೆ ಪತ್ರ, ಕೆಲಸ ಒಪ್ಪಿಸಿದ ಇಮೇಲ್, ನೇಮಕಾತಿ ಒಪ್ಪಂದ, ಮೂರನ್ನೂ ಒಂದು ಕಡೆ ಜೋಪಾನ ಮಾಡಿ. ಹೌದು, ಪ್ಲಾಸ್ಟಿಕ್ ಫೈಲಿನಲ್ಲೇ ಇಡಬಹುದು. ಹಿಡಿದುಕೊಂಡು ಓಡಾಡಬೇಡಿ, ಅಷ್ಟೇ.

ಊಟದ ಹೊತ್ತಿನ ಕತೆಗಳ ವಿಚಾರ ನೀವು ಒಂದೇ ಸಾಲಿನಲ್ಲಿ ಬರೆದಿರಿ. ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಹತ್ತಿಸಿದ್ದು ಅದೇ. 1998ರಲ್ಲಿ ಜಾನ್ ಸ್ಕೌರಾನ್ಸ್ಕಿ ಮತ್ತು ಸಂಗಡಿಗರು ವಿಚಿತ್ರವಾದ ಸಂಗತಿಯೊಂದನ್ನು ತೋರಿಸಿದರು. ನಾವು ಇನ್ನೊಬ್ಬರ ಗುಣವನ್ನು ವರ್ಣಿಸುತ್ತಿದ್ದರೆ, ಕೇಳುವವರ ಮನಸ್ಸು ತನಗೇ ತಿಳಿಯದಂತೆ ಆ ಗುಣವನ್ನು ವರ್ಣಿಸುವವರಿಗೂ ಅಂಟಿಸಿಬಿಡುತ್ತದೆ. ಯಾರನ್ನೋ ಕಪಟಿ ಎಂದವರೇ ಸ್ವಲ್ಪ ಕಪಟಿಯಾಗಿ ನೆನಪಿನಲ್ಲಿ ಉಳಿಯುತ್ತಾರೆ. ಹಳೆಯ ಕಚೇರಿಯವರ ಸಣ್ಣತನ, ಮತ್ಸರ, ಬೆನ್ನ ಹಿಂದಿನ ಮಾತು ಇವನ್ನು ನೀವು ಎಂಟು ತಿಂಗಳಿಂದ ಹೊಸ ಸಹೋದ್ಯೋಗಿಗಳ ಮುಂದೆ ವರ್ಣಿಸುತ್ತಿದ್ದೀರಿ. ಅವರು ಆ ಜನರನ್ನು ನೋಡಿಲ್ಲ. ನೋಡುತ್ತಿರುವುದು ನಿಮ್ಮನ್ನು. ಜೊತೆಗೆ, ಬುದ್ಧಿಯಿರುವ ಯಾರಿಗಾದರೂ ಹೊಳೆಯುವ ಒಂದು ಲೆಕ್ಕವಿದೆ: ನಾಳೆ ಇವಳು ಇಲ್ಲಿಂದ ಹೋದರೆ ಅಲ್ಲಿ ನಮ್ಮ ಬಗ್ಗೆ ಹೀಗೇ ಹೇಳುತ್ತಾಳೆ. ಹಳೆಯವರಿಗೆ ಮಾಡಲಾಗದ ಹಾನಿಯನ್ನು ನಿಮಗೆ ನೀವೇ ಮಾಡಿಕೊಳ್ಳುತ್ತಿದ್ದೀರಿ. ಇದನ್ನು ನಾಳೆಯಿಂದಲೇ ನಿಲ್ಲಿಸಬಹುದು, ಯಾರ ಅನುಮತಿಯೂ ಬೇಕಿಲ್ಲ. ಯಾರಾದರೂ ಕೇಳಿದರೆ, "ಅಲ್ಲಿ ಬಹಳ ಕಲಿತೆ, ಸಾಕಷ್ಟು ವರ್ಷವಾಯಿತು, ಬಂದೆ" ಎಂದರೆ ಸಾಕು. ಅದು ಸುಳ್ಳೂ ಅಲ್ಲ.

ರಾತ್ರಿ ಫೋಟೊ ನೋಡುವುದಕ್ಕೆ ಬುದ್ಧಿವಾದ ಹೇಳಿ ಪ್ರಯೋಜನವಿಲ್ಲ. ನೋಡಬಾರದು ಎಂದುಕೊಂಡಷ್ಟೂ ಕೈ ಅತ್ತಲೇ ಹೋಗುತ್ತದೆ. ಅವರನ್ನು ಬ್ಲಾಕ್ ಮಾಡುವ ಬದಲು ಅವರ ಸುದ್ದಿ ಕಣ್ಣಿಗೆ ಬೀಳದಂತೆ ಮಾಡುವ ಸೌಲಭ್ಯವನ್ನು ಬಳಸಿ. ಅದು ಅವರಿಗೆ ಗೊತ್ತೂ ಆಗುವುದಿಲ್ಲ, ಅದರಿಂದ ಇನ್ನೊಂದು ಕತೆಯೂ ಹುಟ್ಟುವುದಿಲ್ಲ. ಇನ್ನು ಬರೆಯುವುದು. ನಿಮಗೆ ಬರವಣಿಗೆ ಒಲಿದಿದೆ, 42 ಸಾಲೇ ಸಾಕ್ಷಿ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ವಿದ್ಯಾರ್ಥಿಗಳಿಗೆ ಮನಸ್ಸಿಗೆ ಆಘಾತವಾದ ಸಂಗತಿಯನ್ನು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಲು ಹೇಳಿದ್ದರು. ನಡೆದದ್ದನ್ನೂ ಅದರಿಂದ ತಮಗೆ ಅನಿಸಿದ್ದನ್ನೂ ಒಟ್ಟಿಗೆ ಬರೆದವರು ಮುಂದಿನ ಆರು ತಿಂಗಳಲ್ಲಿ ವೈದ್ಯರ ಬಳಿಗೆ ಹೋದದ್ದು ಕಡಿಮೆ. ಬರೆದು ಎದ್ದ ಕೂಡಲೇ ಅವರ ಮನಸ್ಸು ಮೊದಲಿಗಿಂತ ಭಾರವಾಗಿತ್ತು ಎಂಬುದನ್ನೂ ಹೇಳಿಬಿಡಬೇಕು. ನೀವೂ ನಾಲ್ಕು ದಿನ ಬರೆಯಿರಿ, ಫೋನಿನಲ್ಲಿ ಬೇಡ, ಕಾಗದದ ಮೇಲೆ. ಫೋನಿನಲ್ಲಿ ಬರೆದದ್ದಕ್ಕೆ 'ಕಳುಹಿಸು' ಗುಂಡಿ ಒಂದು ಬೆರಳಿನಷ್ಟೇ ದೂರ. ಅವರೇನು ಮಾಡಿದರು ಎಂಬುದಕ್ಕಿಂತ ನೀವು ಏನನ್ನು ಕಳೆದುಕೊಂಡಿರಿ ಎಂಬುದನ್ನು ಬರೆಯಿರಿ. ನನ್ನ ಅನುಮಾನ, ಈ ಸಿಟ್ಟಿನ ಕೆಳಗೆ ಸುಮ್ಮನೆ ದುಃಖವಿದೆ. 11 ವರ್ಷ ದಿನದ ಎಂಟೊಂಬತ್ತು ಗಂಟೆ ಜೊತೆಗಿದ್ದವರು ಎರಡು ವಾರದಲ್ಲಿ ಬಾಗಿಲು ಹಾಕಿಕೊಂಡರೆ ಯಾರಿಗಾದರೂ ನೋವಾಗುತ್ತದೆ. ದುಃಖಿಸುವುದು ಅವಮಾನವೆನಿಸಿ ನಾವು ಅದಕ್ಕೆ ಸಿಟ್ಟಿನ ಅಂಗಿ ತೊಡಿಸುತ್ತೇವೆ. ಇಷ್ಟಾದ ಮೇಲೂ ತಿಂಗಳೊಪ್ಪತ್ತಿನಲ್ಲಿ ನಿದ್ದೆ ಸರಿಹೋಗದಿದ್ದರೆ, ಊಟ ಸೇರದಿದ್ದರೆ ಹತ್ತಿರದ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೇರವಾಗಿ ಕಾಣಿ. ಪತ್ರದ ಉತ್ತರ ಅದಕ್ಕೆ ಬದಲಿಯಲ್ಲ.

ಬೀಳ್ಕೊಡುಗೆಗೆ ಹೋಗಿ. ಹಳೆಯ ಕಚೇರಿ ಎಂದರೆ ಆ ನಾಲ್ಕೈದು ಜನ ಮಾತ್ರ ಅಲ್ಲ. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಪಡೆದವರ ಪೈಕಿ ಆ ಪರಿಚಿತರನ್ನು ಮೇಲಿಂದ ಮೇಲೆ ಕಾಣುತ್ತಿದ್ದವರು 17 ಶೇಕಡಾದಷ್ಟು ಮಾತ್ರ. ಉಳಿದವರು ಆಗೊಮ್ಮೆ ಈಗೊಮ್ಮೆ ಅಥವಾ ತೀರಾ ಅಪರೂಪಕ್ಕೆ ಕಾಣುತ್ತಿದ್ದರು. ಎಷ್ಟೋ ಸಲ ಆ ಪರಿಚಿತರು ಹಳೆಯ ಸಹೋದ್ಯೋಗಿಗಳೇ ಆಗಿದ್ದರು. ಮುಖ ಮುರಿದುಕೊಳ್ಳದೆ ಇರುವುದರಲ್ಲಿ ಲಾಭವೂ ಇದೆ ಎನ್ನುವುದಕ್ಕೆ ಹೇಳಿದೆ. ಆದರೆ ನೀವು ಹೋಗಬೇಕಾದದ್ದು ಲಾಭಕ್ಕಲ್ಲ, ನಿಮಗೆ ಕೆಲಸ ಕಲಿಸಿದ ಆ ಹಿರಿಯರಿಗಾಗಿ. ಸಮಯಕ್ಕೆ ಸರಿಯಾಗಿ ಹೋಗಿ. ತಡವಾಗಿ ಹೋದರೆ ಎಲ್ಲರ ತಲೆಯೂ ಒಟ್ಟಿಗೆ ತಿರುಗುತ್ತದೆ. ಅವರ ಹತ್ತಿರ ಕೂತುಕೊಳ್ಳಿ, ಅವರಿಂದ ಕಲಿತ ಯಾವುದಾದರೂ ಒಂದು ಕೆಲಸವನ್ನು ನೆನಪಿಸಿ. ಸಂಬಳ ಎಷ್ಟೆಂದು ಯಾರಾದರೂ ಕೇಳಿದರೆ ನಕ್ಕು "ಸಾಲುವುದಿಲ್ಲ" ಎನ್ನಿ. ಒಬ್ಬರು ಮುಖ ತಿರುಗಿಸಿದರೆ ತಿರುಗಿಸಲಿ. ಒಬ್ಬರಾದರೂ ತಾವಾಗಿಯೇ ಬಂದು ಮಾತಾಡಿಸುತ್ತಾರೆ ಎಂಬ ನಂಬಿಕೆ ನನಗಿದೆ. ಪ್ರಯಾಣಭತ್ಯೆಯ ಮಹನೀಯರು ಎದುರಾದರೆ "ಚೆನ್ನಾಗಿದ್ದೀರಾ?" ಎಂದು ಕೇಳಿ, ಉತ್ತರ ಮುಗಿಯುವವರೆಗೂ ನಿಂತು ಕೇಳಿಸಿಕೊಳ್ಳಿ. ಒಂದು ಗಂಟೆ ಸಾಕು, ಎದ್ದು ಬನ್ನಿ. ಆ ರಾತ್ರಿ ಒಂಬತ್ತರ ಮೇಲೆ ಫೋನು ಬಂದು, "ನೀನು ಹೋದ ಮೇಲೆ ಏನಂದರು ಗೊತ್ತಾ" ಎಂದು ಶುರುವಾದರೆ, ಏನು ಹೇಳಬೇಕೆಂಬುದು ಅಷ್ಟರಲ್ಲಿ ನಿಮಗೆ ಬಾಯಿಪಾಠವಾಗಿರುತ್ತದೆ.